ನಾಲ್ಕು ಬೆರಳಿನ ಸೋಪು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನನ್ನನ್ನು ಕರೆಸಿದ ತಪ್ಪಿಗೆ ಈಗ ನನ್ನ ಮಾತು ಕೇಳಲೇಬೇಕಾದ ಸಂಘದ ಪದಾಧಿಕಾರಿಗಳೇ, ಸಣ್ಣ ಕಾರ್ಖಾನೆಗಳ ಒಡೆಯರೇ, ಒಡತಿಯರೇ, ಹಿಂದಿನ ಸಾಲಿನಲ್ಲಿ ಆಗಲೇ ಗಡಿಯಾರ ನೋಡುತ್ತಿರುವ ಸಭಿಕರೇ,

ವ್ಯಾಪಾರದ ಹೆಸರಿಗೆ ಯಾವ ಬಗೆಯ ಟ್ರೇಡ್‌ಮಾರ್ಕ್ ಪಡೆಯಬೇಕು ಎಂಬುದು ನನಗೆ ಕೊಟ್ಟ ವಿಷಯ. ನಾನು ವಕೀಲನಲ್ಲ, ಬಟ್ಟೆ ಸೋಪು ಮಾಡುವವನು. ಆದರೆ ಈ ವಿಷಯದಲ್ಲಿ ನನ್ನಷ್ಟು ಕೈ ಸುಟ್ಟುಕೊಂಡವರು ಈ ಸಭಾಂಗಣದಲ್ಲಿ ಇರಲಾರರು.

ಪದವನ್ನು ಮಾತ್ರ ನೋಂದಾಯಿಸಿದರೆ, ಅದನ್ನು ಯಾವ ಅಕ್ಷರದಲ್ಲಿ, ಯಾವ ಬಣ್ಣದಲ್ಲಿ ಬರೆದರೂ ಹೆಸರು ನಿಮ್ಮದು. ಚಿತ್ರವನ್ನು ನೋಂದಾಯಿಸಿದರೆ ಆ ಚಿತ್ರಕ್ಕೆ ಕಾವಲು. ಎರಡನ್ನೂ ಸೇರಿಸಿ ಒಂದೇ ಅರ್ಜಿ ಹಾಕಿದರೆ ಖರ್ಚು ಕಡಿಮೆ, ಆದರೆ ಕಾವಲು ಆ ಜೋಡಿಗೆ. ನಾಳೆ ಒಂದನ್ನು ಬದಲಾಯಿಸಿದರೆ ಇನ್ನೊಂದರ ಹಿಡಿತ ಸಡಿಲ. ಹಾಗಾದರೆ ಯಾವುದನ್ನು ಆರಿಸಬೇಕು? ಗಿರಾಕಿ ಅಂಗಡಿಯ ಮುಂದೆ ನಿಂತು ಏನೆಂದು ಕೇಳುತ್ತಾನೋ, ಅದನ್ನು. ಇಷ್ಟು ಸಣ್ಣ ಮಾತು ನನ್ನ ತಲೆಗೆ ಹೋಗಲು ಆರು ವರ್ಷ ಬೇಕಾಯಿತು.

ನಮ್ಮ ಅಪ್ಪ ತಗಡಿನ ಮಾಡಿನ ಒಂದು ಕೋಣೆಯಲ್ಲಿ ಸೋಪು ಮಾಡುತ್ತಿದ್ದರು. ಅವರ ಎಡಗೈಗೆ ತೋರುಬೆರಳು ಇರಲಿಲ್ಲ. ಸೋಪಿಗೊಂದು ಹೊದಿಕೆ ಬೇಕೆಂದಾಗ ಅಕ್ಕ ಆ ಕೈಯನ್ನೇ ಕಾಗದದ ಮೇಲಿರಿಸಿ ಸುತ್ತ ಗೆರೆ ಎಳೆದಳು. ಹೊದಿಕೆಯ ಮೇಲೆ ಅದೇ ಚಿತ್ರ, ಸೋಪಿನ ಮೇಲೆ ಅದೇ ಅಚ್ಚು. ಓದು ಬಾರದವರೂ "ನಾಲ್ಕು ಬೆರಳಿಂದು ಎರಡು ಕೊಡಿ" ಎಂದು ಕೇಳಿ ಒಯ್ಯುತ್ತಿದ್ದರು.

ನಾನು ಓದು ಮುಗಿಸಿ ಬಂದೆ. ಓದಿದವನು ಸುಮ್ಮನಿರುತ್ತಾನೆಯೇ? ಸೋಪಿಗೆ 'ಶುಭ್ರಕಾಂತಿ' ಎಂದು ಹೆಸರಿಟ್ಟೆ. ಹೆಸರು, ಕೈ ಎರಡನ್ನೂ ಸೇರಿಸಿ ಒಂದೇ ಅರ್ಜಿ ಹಾಕಿದೆ. ಅರ್ಜಿಯ ಚಿತ್ರ ಬರೆದ ಕಲಾವಿದನಿಗೆ ಹೇಳಿ ಐದನೆಯ ಬೆರಳನ್ನೂ ಹಾಕಿಸಿದೆ.

ಅಕ್ಕ ಕೇಳಿದಳು: "ಇದು ಯಾರ ಕೈಯೋ?"

"ಕೈ ಅಂದ್ರೆ ಕೈ, ಅಕ್ಕಾ. ದೊಡ್ಡ ಪೇಟೆಯವರು ನೋಡಿ ನಗಬಾರದು."

"ಪೇಟೆಯವರ ಹೆದರಿಕೆನೋ, ನಿಂದೋ?"

ಅಪ್ಪ ಅರ್ಜಿ ನೋಡಿದರು, ಎಡಗೈಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ನಾಲ್ಕು ಜನರ ಮುಂದೆ ಆ ಕೈ ಜೇಬಿನಿಂದ ಹೊರಬರಲಿಲ್ಲ.

ಐದು ಬೆರಳಿನ ಹೊದಿಕೆ ಪೇಟೆಗೆ ಹೋಯಿತು, ಎಂಟೇ ದಿನದಲ್ಲಿ ವಾಪಸು ಬಂತು. "ನಕಲಿ ಮಾಲು ಕಳಿಸಿದ್ದೀರಲ್ಲ, ನಿಮ್ಮ ಅಪ್ಪನಿಗೆ ಗೊತ್ತಾ?" ಎಂದು ಅಂಗಡಿಯವರು ನನ್ನನ್ನೇ ಬೈದರು! ಹಳೆಯ ಹೊದಿಕೆಯನ್ನೇ ಮುಂದುವರಿಸಿದೆ. ನೋಂದಣಿಯಲ್ಲಿ ಐದು, ಪೇಟೆಯಲ್ಲಿ ನಾಲ್ಕು. ಅರ್ಜಿಯನ್ನು ತಿದ್ದಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಆರನೆಯ ವರ್ಷ ಇನ್ನೊಬ್ಬರು 'ನಾಲ್ಕು ಬೆರಳು' ಎಂಬ ಹೆಸರಿನಲ್ಲೇ, ಅಂಥದೇ ಕೈಯ ಚಿತ್ರ ಹಾಕಿ ಸೋಪು ತಂದರು. ನಮ್ಮ ಗಿರಾಕಿಗಳು ನಮ್ಮದೆಂದೇ ಅದನ್ನು ಒಯ್ದರು. ಸೋಪು ಕುದಿಸುವ ಒಲೆ ವಾರಕ್ಕೆ ಎರಡು ದಿನ ಹೊತ್ತಿದರೆ ಹೆಚ್ಚು ಎಂಬಂತಾಯಿತು. ದೂರು ಕೊಟ್ಟೆವು. ವಿಚಾರಣೆಯ ದಿನ ಅಧಿಕಾರಿ ನಮ್ಮ ನೋಂದಣಿ ಪತ್ರವನ್ನೂ ನಮ್ಮ ಹೊದಿಕೆಯನ್ನೂ ಅಕ್ಕಪಕ್ಕ ಇಟ್ಟು ಕೇಳಿದರು: "ಇಲ್ಲಿ ಐದಿದೆ, ಇಲ್ಲಿ ನಾಲ್ಕಿದೆ. ಇದರಲ್ಲಿ ನಿಮ್ಮದು ಯಾವುದು ಸ್ವಾಮಿ?"

ಹಿಂದಿನ ಬೆಂಚಿನಿಂದ ಅಪ್ಪ ಎದ್ದು ಬಂದರು. ಜೇಬಿನಿಂದ ಕೈ ತೆಗೆದು ಮೇಜಿನ ಮೇಲೆ ಅಗಲವಾಗಿ ಇಟ್ಟರು.

"ನಮ್ಮದು ಇದು."

ಅಧಿಕಾರಿ ಕೇಳಿದರು: "ಬೆರಳು ಹೇಗೆ ಹೋಯ್ತು ಯಜಮಾನರೇ?"

"ಅಚ್ಚು ಒತ್ತೋ ಯಂತ್ರದಲ್ಲಿ. ನಂದೇ ಅಜಾಗರೂಕತೆ."

ಸಭಿಕರೇ, ಅದು ಸುಳ್ಳು. ಅಪ್ಪ ಸೋಪನ್ನು ಅಚ್ಚಿನ ಕೆಳಗೆ ಸರಿಸುತ್ತಿದ್ದಾಗ ಯಂತ್ರದ ಹಿಡಿ ಎಳೆದವನು ನಾನು. ಆಗ ನನಗೆ ಏಳು ವರ್ಷ. ಇದನ್ನು ಹೇಳಬೇಕೆಂದು ನಾನಿಲ್ಲಿಗೆ ಬಂದಿರಲಿಲ್ಲ. ಬರೆದು ತಂದ ಚೀಟಿಯಲ್ಲೂ ಇದಿಲ್ಲ. ಮನೆಯಲ್ಲಿ ಯಾರೂ ಒಂದು ದಿನವೂ ಆಡಿ ತೋರಿಸಲಿಲ್ಲ. ಆಡಿದ್ದರೆ ನಾನು ಆ ಐದನೆಯ ಬೆರಳನ್ನು ಬರೆಸುತ್ತಿರಲಿಲ್ಲವೇನೋ.

ನೋಂದಣಿ ಅಂದು ನಮ್ಮ ನೆರವಿಗೆ ಬರಲಿಲ್ಲ. ಮೊದಲಿನಿಂದ ಮಾರುತ್ತಿದ್ದವರು ನಾವೇ ಎಂದು ಸಾಬೀತು ಮಾಡಬೇಕಾಯಿತು. ಅಂಗಡಿಯವರ ಪತ್ರಗಳು, ಸವೆದ ಅಚ್ಚು, ಅಕ್ಕ ತಾರೀಕು ಹಾಕಿ ಪೆಟ್ಟಿಗೆಯಲ್ಲಿಟ್ಟಿದ್ದ ಆ ಮೊದಲ ಕಾಗದ ನಮ್ಮನ್ನು ಉಳಿಸಿದವು. ಎದುರಿನವರು ಮಾಲು ಹಿಂದಕ್ಕೆ ಪಡೆಯಲು ಎರಡು ವರ್ಷ ಹಿಡಿಯಿತು. "ಹೊಸದಾಗಿ ಅರ್ಜಿ ಹಾಕಿ. 'ನಾಲ್ಕು ಬೆರಳು' ಅನ್ನೋ ಹೆಸರಿಗೊಂದು, ಚಿತ್ರಕ್ಕೊಂದು. ಇರೋದನ್ನು ಇದ್ದ ಹಾಗೇ ಬರೀರಿ" ಎಂದು ಅಧಿಕಾರಿ ಹೇಳಿ ಕಳಿಸಿದರು.

ಮನೆಯಲ್ಲಿ ಅಕ್ಕ ಕಾಗದ, ಪೆನ್ಸಿಲ್ ತಂದು ನನ್ನ ಮುಂದಿಟ್ಟಳು. "ಈ ಸಲ ನೀನೇ ಬರಿ" ಎಂದಳು.

ಅಪ್ಪ ಕೈ ಇಟ್ಟರು. ಹೆಬ್ಬೆರಳಿನ ಸುತ್ತ ಬಂದೆ. ಬೆರಳಿಲ್ಲದ ಆ ಜಾಗಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಒಮ್ಮೆಯೂ ಆ ಜಾಗವನ್ನು ಮುಟ್ಟಿರಲಿಲ್ಲ.

"ಯಾಕೋ ನಿಲ್ಲಿಸಿದೆ?" ಅಂದರು ಅಪ್ಪ. "ಅಲ್ಲಿ ನೋವಿಲ್ಲ ಕಣೋ ಮಗಾ. ಆವತ್ತೇ ಹೋಯ್ತು. ಎಳಿ."

ಎಳೆದೆ. ಗೆರೆ ಸ್ವಲ್ಪ ನಡುಗಿದೆ. ನೋಂದಣಿ ಪತ್ರದಲ್ಲಿ ಈಗಲೂ ಆ ನಡುಕ ಹಾಗೆಯೇ ಇದೆ, ತಿದ್ದಿಸಲಿಲ್ಲ.

ಹತ್ತು ನಿಮಿಷ ಮೀರಿದೆ, ಅಧ್ಯಕ್ಷರು ಎರಡು ಸಲ ಕೆಮ್ಮಿದ್ದಾರೆ. ಕೆಮ್ಮಿಯೂ ತಡೆಯದ ಅವರಿಗೆ, ಗಡಿಯಾರ ಮರೆತು ಕೂತ ಹಿಂದಿನ ಸಾಲಿನವರಿಗೆ, ಆ ಕಾಗದವನ್ನು ಎಸೆಯದೆ ಇಟ್ಟ ನಮ್ಮ ಅಕ್ಕನಿಗೆ ನನ್ನ ಕೃತಜ್ಞತೆಗಳು. ಅಪ್ಪನಿಗೆ ಮನೆಗೆ ಹೋಗಿ ಹೇಳುತ್ತೇನೆ.

ನಮಸ್ಕಾರ.