ಬೋಲ್ಟಿನ ಮೇಲಿನ ಕೆಂಪು ಗೆರೆ

...ಅಲ್ಲಲ್ಲ, ಆ ಕಡೆಯಿಂದ ಬೇಡ ಮಾವ, ಅಲ್ಲೆಲ್ಲ ಆಯಿಲ್! ಈ ಮೆಟ್ಟಿಲ ಮೇಲೆ ಕಾಲಿಡಿ... ಹಾಂ... ನನ್ನ ಭುಜ ಹಿಡ್ಕೊಳ್ಳಿ. ಬೋಟು ಅಲುಗಾಡಲ್ಲ, ಟ್ರೈಲರ್ ಮೇಲೆ ಕಟ್ಟಿಹಾಕಿದೀನಿ. ನೀರಲ್ಲೇ ಹೆದರದೋರು ಶೆಡ್ಡಲ್ಲಿ ಹೆದರ್ತೀರಾ? ...ನಕ್ರಲ್ಲ, ಅಷ್ಟು ಸಾಕು. ಮೂರು ತಿಂಗಳಾಯ್ತು ನೀವು ನಕ್ಕಿದ್ದು ನೋಡಿ.

ಕೂತ್ಕೊಳ್ಳಿ, ಇಲ್ಲೇ ಡ್ರೈವರ್ ಸೀಟಲ್ಲಿ. ನೀವೇನೂ ಮುಟ್ಟೋದು ಬೇಡ. ಏನನ್ನೂ ಮುಟ್ಟಲ್ಲ, ಸುಮ್ಮನೆ ಕೂತಿರ್ತೀನಿ ಅಂತ ಮಗಳಿಗೆ ಹೇಳೇ ಬಂದಿದೀರಲ್ಲ, ಗೊತ್ತು ನಂಗೆ. ತಲೆ ಆಡಿಸಿ ಸಾಕು. ಕೈ ನಂದು.

ಹೂಂ... ಅದೇ ಬೋಟು. ಹಗ್ಗ ಹಿಡ್ಕೊಂಡು ನೀರ ಮೇಲೆ ಜಾರ್ತಾರಲ್ಲ, ಅವರನ್ನ ಎಳೆಯೋದು. ಮುಖ ಯಾಕೆ ಹಂಗೆ ಮಾಡ್ಕೊಂಡ್ರಿ? ಹಳೇದು ಬಿಡಿ ಮಾವ. ಇದು ಬೇರೆ ಲೀಕು. ಬೇರೇನೇ! ನೀವು ಇಂಜಿನ್ ತಳದ ಆಯಿಲ್ ಚೇಂಬರಿಗೆ ಹಾಕಿದ್ದ ಪ್ಯಾಕಿಂಗನ್ನ ನಾನು ಆಗಲೇ ತೆಗೆದು ಹೊಸದು ಹಾಕಿದ್ನಲ್ಲ... ಇಂಜಿನ್ ಎತ್ತಿ, ಆ ಭಾನುವಾರ ಇಡೀ ದಿನ, ಒಬ್ಬನೇ... ಅದು ಮುಗಿದ ಕಥೆ.

ಇದನ್ನ ಎರಡು ದಿನದಿಂದ ಹುಡುಕ್ತಿದೀನಿ. ಬೋಟಿನ ತಳದಲ್ಲಿ ಆಯಿಲ್ ನಿಲ್ಲುತ್ತೆ, ಎಲ್ಲಿಂದ ಬರುತ್ತೆ ಅಂತ ಗೊತ್ತಾಗ್ತಿಲ್ಲ. ಇಂಜಿನ್ನು ಹಿಂದಕ್ಕೆ ಇಳಿಜಾರಾಗಿ ಕೂತಿದೆ ನೋಡಿ, ಎಲ್ಲೇ ಜಿನುಗಿದ್ರೂ ಹರ್ಕೊಂಡು ಬಂದು ಹಿಂದಿನ ಮೂಲೇಲೇ ತೊಟ್ಟಿಕ್ಕುತ್ತೆ. ಹಿಂದಿನ ಸೀಲೇ ಹೋಗಿದೆ, ಇಂಜಿನ್ ಇಳಿಸ್ಬೇಕು ಅಂತ ಮಾಲೀಕರಿಗೆ ಹೇಳೋಕೆ ಹೊರಟಿದ್ದೆ. ನಿನ್ನೆ ಊಟಕ್ಕೆ ಕೂತಾಗ ನಿಮ್ಮ ಮಗಳು ಅಂದ್ಳು, "ಅಪ್ಪ ಇದ್ದಿದ್ರೆ ಅರ್ಧ ಗಂಟೆ ಕೆಲಸ." ಅದಕ್ಕೇ ಇವತ್ತು ನಿಮ್ಮನ್ನ ಕರ್ಕೊಂಡು ಬಂದೆ.

ಏನು, ಬೆರಳು ಹಂಗೆ ಉಜ್ಜಿ ತೋರಿಸ್ತಿದೀರಿ... ಪೌಡರಾ? ಮರೆತಿಲ್ಲ ಮಾವ, ಮರೆತಿಲ್ಲ! ಮೊದಲು ಒರೆಸು, ಆಮೇಲೆ ಪೌಡರ್ ಉದುರಿಸು, ಆಮೇಲೆ ಸ್ಟಾರ್ಟ್ ಮಾಡು. ಆಯಿಲ್ ಬೀಳೋ ಜಾಗ ನೋಡ್ಬೇಡ, ಹುಟ್ಟೋ ಜಾಗ ನೋಡು. ಒರೆಸಿ ಆಗಿದೆ. ಇಗೋ, ನಿಮ್ಮ ಮಗಳ ಪೌಡರ್ ಡಬ್ಬಿ, ಕದ್ದು ತಂದೆ. ಉದುರಿಸ್ತಾ ಇದೀನಿ ನೋಡಿ. ನಮ್ಮ ಕಸುಬಿಗೆ ಅವಳ ಸಿಂಗಾರದ ಸಾಮಾನು ಎಷ್ಟು ಹೋಗಿದೆಯೋ! ಅವಳ ಉಗುರುಬಣ್ಣ ತಂದು, ಟೈಟ್ ಮಾಡಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಕೆಂಪು ಗೆರೆ ಎಳೀತಿದ್ರಲ್ಲ ನೀವು. ಬೋಲ್ಟು ಕೂದಲೆಳೆಯಷ್ಟು ತಿರುಗಿದ್ರೂ ಗೆರೆ ಒಡೆಯುತ್ತೆ ಅಂತ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಇವರ ಮನೆ ಹುಡುಗಿ ಕೈ ಎಷ್ಟು ಚೆಂದ ಇರಬಹುದಪ್ಪಾ ಅಂತ ಬೋಲ್ಟ್ ನೋಡೇ ಅಂದ್ಕೊಂಡೆ! ...ನೋಡಿ, ಮತ್ತೆ ನಕ್ರಿ. ಗೆರೆ ಎಳೆಯೋದು ಮಾತ್ರ ನಂಗೆ ಇವತ್ತಿನವರೆಗೂ ರೂಢಿ ಆಗ್ಲಿಲ್ಲ. ಸೋಮಾರಿ ಅಂತ ಎಷ್ಟು ಬೈಸ್ಕೊಂಡಿದೀನಿ ನಿಮ್ಮ ಹತ್ರ!

ತಡೀರಿ, ಇಂಜಿನ್ನಿಗೆ ಪೈಪಲ್ಲಿ ನೀರು ಬಿಡ್ತೀನಿ, ಇಲ್ಲದಿದ್ರೆ ಕಾದು ಹಾಳಾಗುತ್ತೆ. ...ಹಾಂ, ಈಗ. ಕೀ ನೀವೇ ತಿರುಗಿಸಿ. ತಿರುಗಿಸಿ ಮಾವ, ಬರೀ ಕೀ ತಾನೇ? ...ಕೈ ಯಾಕೆ ಹಿಂದಕ್ಕೆ ತಗೊಂಡ್ರಿ?

ಸರಿ ಬಿಡಿ. ನಾನೇ ತಿರುಗಿಸ್ತೀನಿ.

ಮೊನ್ನೆ ಮನೇಲಿ ನಲ್ಲಿ ತೊಟ್ಟಿಕ್ಕಿದ್ದಕ್ಕೆ ಪ್ಲಂಬರನ್ನ ಕರೆಸಿದ್ರಂತೆ. ಎಷ್ಟು ಸಾವಿರ ಇಂಜಿನ್ ಬಿಚ್ಚಿದ ಕೈ ಇದು! ಗ್ಯಾಸ್ ಆಫ್ ಮಾಡಿ ಮೂರು ಮೂರು ಸಲ ಎದ್ದು ಹೋಗಿ ನೋಡ್ತೀರಂತೆ. ಅತ್ತೆ ಕಣ್ಣೀರು ಹಾಕಿದ್ರು. ಕೇಳ್ತಾ ಕೇಳ್ತಾ ನನ್ನ ಮೈ ಹಿಡಿಯಾಯ್ತು... ಅಂದ್ರೆ... ಅಳಿಯ ತಾನೇ ನಾನು, ಬೇಜಾರಾಗಲ್ವಾ?

ಹೂಂ, ಸ್ಟಾರ್ಟ್ ಆಯ್ತು. ಮೇಲಿಂದ ಕೆಳಕ್ಕೆ ನೋಡ್ಕೊಂಡು ಬರೋಣ. ಟ್ಯಾಪೆಟ್ ಕವರ್... ಪೌಡರ್ ಬೆಳ್ಳಗೇ ಇದೆ. ಈ ಪಕ್ಕ... ಇದೂ ಒಣಗಿದೆ. ಏನು? ಆಯಿಲ್ ಫಿಲ್ಟರಾ? ಫಿಲ್ಟರ್ ಸರಿ ಇದೆ ಬಿಡಿ, ಅದನ್ನ ನೋಡೋದೇನು! ಫಿಲ್ಟರ್ ತಂಟೆಗೆ ಹೋಗ್ಬೇಡಿ!

...ಯಾಕೆ ಹಂಗೆ ನೋಡ್ತಿದೀರಿ? ಇಂಜಿನ್ ಸದ್ದಿಗೆ ಜೋರಾಗಿ ಹೇಳ್ದೆ, ಅಷ್ಟೇ. ಜೇಬಾ? ಜೇಬಲ್ಲೇನೂ ಇಲ್ಲ. ಸುಮ್ಮನೆ ಕೈ ಹೋಯ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ ನೋಡ್ತೀರಲ್ಲ ನೀವು!

ಎಲ್ಲಿ? ಆ ಫಿಲ್ಟರಿಂದ ಮೇಲಾ? ...ಅಯ್ಯೋ! ಹೌದು ಮಾವ! ಆಯಿಲ್ ಪ್ರೆಷರ್ ಸ್ವಿಚ್ಚಿನ ಬುಡ! ಪೌಡರ್ ಮೇಲೆ ಕಪ್ಪಗೆ ಎಳೆ ಇಳೀತಿದೆ... ಹೆಬ್ಬೆಟ್ಟಿನಷ್ಟು ಸ್ವಿಚ್ಚು, ಎರಡು ದಿನ ನನ್ನ ಪ್ರಾಣ ತಿಂತಲ್ಲ! ಕೂತ ಜಾಗದಿಂದಲೇ ಕಂಡ್ರಿ! ಇವರಿಗೆ ಕಣ್ಣು ಮಂದ ಅಂತೆ! ಯಾವನು ಅಂದಿದ್ದು?

...ಹೌದು. ನಾನೇ ಅಂದಿದ್ದು.

ಆಫ್ ಮಾಡ್ತೀನಿ. ಹೊಸ ಸ್ವಿಚ್ಚು ಪೆಟ್ಟಿಗೇಲಿದೆ. ಹತ್ತು ನಿಮಿಷದ ಕೆಲಸ. ಮಾಲೀಕರಿಗೆ ನಾನೇ ಹೇಳ್ತೀನಿ ಮಾವ, ಕಂಡುಹಿಡಿದಿದ್ದು ನೀವು ಅಂತ. ಸೋಮವಾರದಿಂದ ಮತ್ತೆ ಬನ್ನಿ ಅಂತಾರೆ ನೋಡ್ತಿರಿ. ಅವತ್ತಿನ ತಪ್ಪು ಅವರೂ ಮರೆತಿರ್ತಾರೆ... ನಿಮ್ಮ ತಪ್ಪು ಅಂತಲ್ಲ... ವಯಸ್ಸು, ಯಾರಿಗಾದ್ರೂ ಆಗುತ್ತೆ... ಥೂ, ನಾನೇನು ಮಾತಾಡ್ತಿದೀನಿ. ತ್ರೆಡ್ಡಿಗೆ ಸ್ವಲ್ಪ ಸೀಲಂಟ್ ಹಚ್ಚಿ... ಕೂತ್ಕೊಂಡ್ತು.

ಮಾವ? ಯಾಕೆ ಎದ್ರಿ? ಮಂಡಿ ಊರಿ... ಕೆಳಗ್ಯಾಕೆ ಕೈ ಹಾಕ್ತಿದೀರಿ? ಅಲ್ಲೇನೂ ಇಲ್ಲ, ಚೇಂಬರ್ ಒಣಗಿದೆ. ಬೇಡ, ಅಂಗಿ ಕೊಳೆಯಾಗುತ್ತೆ. ನಾನು ಹಾಕಿದ ಪ್ಯಾಕಿಂಗ್ ನೋಡ್ತೀರಾ? ಚೆನ್ನಾಗೇ ಕೂತಿದೆ, ನೋಡೋದೇನಿದೆ... ಮಾವ, ಎದ್ದೇಳಿ.

ಆ ಬೋಲ್ಟನ್ನ ಉಗುರಲ್ಲಿ ಯಾಕೆ ಕೆರೀತಿದೀರಿ?

ಅದಾ... ಅದು ಗೆರೆ. ಹೌದು. ಉಗುರುಬಣ್ಣದ್ದು. ನಾನೇ ಎಳೆದಿದ್ದು. ಹೊಸ ಪ್ಯಾಕಿಂಗ್ ಹಾಕಿ, ಎಲ್ಲ ಬೋಲ್ಟೂ ಟೈಟ್ ಮಾಡಿ, ನಿಮ್ಮ ಹಾಗೇ... ಒಂದೊಂದಕ್ಕೂ...

ಬೆರಳು ಆ ಗೆರೆ ಮೇಲೇ ನಿಂತುಬಿಡ್ತಲ್ಲ ಮಾವ.

ಈಗ ತಾನೇ ಹೇಳಿದ್ನಲ್ಲ ನಾನು... ಗೆರೆ ಎಳೆಯೋ ರೂಢಿ ಇಲ್ಲ ಅಂತ. ನನ್ನ ಬಾಯೇ.

ಪಕ್ಕದ ಬೋಲ್ಟೂ ಮುಟ್ಟಿ ನೋಡ್ತೀರಾ? ಅದರ ಪಕ್ಕದ್ದೂ? ಬೇಡ ಮಾವ. ಒಂದೂ ಒಡೆದಿಲ್ಲ. ಎಲ್ಲ ನಿಮ್ಮದೇ ಗೆರೆ, ಒಳಗಿರೋದು ನಿಮ್ಮದೇ ಪ್ಯಾಕಿಂಗ್. ಆ ಭಾನುವಾರ ನಾನು ಇಂಜಿನ್ ಎತ್ತಲೇ ಇಲ್ಲ.

ಹೇಳ್ತೀನಿ. ಅವತ್ತು ಬೋಟು ನೀರಿನ ಮಧ್ಯ ನಿಂತು, ಆಯಿಲೆಲ್ಲ ತಳಕ್ಕೆ ಸುರಿದು, ಮಾಲೀಕರು ದಡದಲ್ಲಿ "ಯಾರ ಕೆಲಸ ಇದು?" ಅಂತ ಕೂಗಾಡ್ತಿದ್ರಲ್ಲ. ಆ ವಾರ ಪ್ಯಾಕಿಂಗ್ ಹಾಕಿದ್ದು ನೀವು, ಫಿಲ್ಟರ್ ಹಾಕಿದ್ದು ನಾನು. ಹಿಂದಿನ ಮೂಲೇಲಿ ತೊಟ್ಟಿಕ್ತಿತ್ತು, ಪ್ಯಾಕಿಂಗೇ ಅಂದ್ಬಿಟ್ಟೆ. "ಮಾವನಿಗೆ ಈಗೀಗ ಕಣ್ಣು ಮಂದ" ಅಂದ್ಬಿಟ್ಟೆ. ಬೀಳೋ ಜಾಗ ನೋಡಿದೆ, ಹುಟ್ಟೋ ಜಾಗ ನೋಡ್ಲಿಲ್ಲ. ಆದ್ರೆ ಆಗ ಅದು ಸುಳ್ಳಲ್ಲ ಮಾವ, ನಾನೂ ನಂಬಿದ್ದೆ! ನೀವೋ, ಒಂದು ಮಾತು ಎದುರಾಡ್ಲಿಲ್ಲ. "ಇರಬಹುದು, ನನ್ನದೇ ಇರಬಹುದು" ಅಂದು ಕೈ ತೊಳ್ಕೊಂಡು ಮನೆಗೆ ಹೋದ್ರಿ.

ಭಾನುವಾರ ಫಿಲ್ಟರ್ ಬಿಚ್ಚಿದೆ. ಎರಡು ರಿಂಗು. ಹಳೇ ಫಿಲ್ಟರಿನ ರಬ್ಬರ್ ರಿಂಗು ಇಂಜಿನ್ನಿಗೇ ಅಂಟ್ಕೊಂಡಿತ್ತು, ನಾನು ನೋಡದೇ ಅದರ ಮೇಲೇ ಹೊಸದನ್ನ ಕೂರಿಸಿದ್ದೆ. ಅಲ್ಲಿಂದಲೇ ಸುರಿದಿದ್ದು ಎಲ್ಲ. ಫಿಲ್ಟರ್ ಕೈಗೆ ಬಂದ ತಕ್ಷಣ ರಿಂಗೂ ಬಂತಾ ನೋಡು... ಮೊದಲನೇ ದಿನ ನೀವು ಕಲಿಸಿದ ಪಾಠ! ಫೋನಲ್ಲಿ ಮಾತಾಡ್ತಾ ಹಾಕಿದ್ದೆ ಮಾವ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ... ಒಂದು ದಿನ ತಡ ಆದ ಮೇಲೆ ಹೇಳೋದಕ್ಕೆ ಮುಖವೇ ಇರ್ಲಿಲ್ಲ. ಹೊಸ ಪ್ಯಾಕಿಂಗ್ ಹಾಕಿದೆ, ಲೀಕು ನಿಂತೋಯ್ತು ಅಂತ ಕಥೆ ಕಟ್ಟಿದೆ.

ಇಗೋ, ರಿಂಗು. ಮೂರು ತಿಂಗಳಿಂದ ಅಂಗಿ ಬದಲಾಯಿಸಿದಾಗೆಲ್ಲ ಜೇಬು ಬದಲಾಯಿಸ್ತಿದೀನಿ. ಬಿಸಾಕೋಕೂ ಆಗ್ಲಿಲ್ಲ, ತೋರಿಸೋಕೂ ಆಗ್ಲಿಲ್ಲ. ನಾಚಿಕೆ ಆಗುತ್ತೆ ಮಾವ. ನಿಮ್ಮ ಜೊತೆ ಒಂದೇ ಸಾಲಲ್ಲಿ ಊಟಕ್ಕೆ ಕೂರೋಕೆ ನಾಚಿಕೆ ಆಗುತ್ತೆ.

ಬೈರಿ. ಹೊಡೀರಿ ಬೇಕಾದ್ರೆ, ಆ ಸ್ಪ್ಯಾನರ್ ತಗೊಂಡೇ ಹೊಡೀರಿ. ಮಗಳಿಗೆ ಹೇಳಿ. ಮಾಲೀಕರಿಗೆ ನಾನೇ ಹೇಳ್ತೀನಿ, ಈಗಲೇ ಹೋಗಿ...

ಮಾವ? ರಿಂಗು ತಗೊಳ್ಳಿ ಅಂದೆ. ಇಲ್ಲಿ ನೋಡಿ. ನನ್ನನ್ನ ನೋಡ್ಬೇಡಿ, ಸರಿ, ರಿಂಗನ್ನಾದ್ರೂ ನೋಡಿ.

...ಯಾಕೆ ಎರಡೂ ಕೈ ಹಂಗೆ ತಿರುಗಿಸಿ ತಿರುಗಿಸಿ ನೋಡ್ಕೋತಿದೀರಿ? ಬಿಡಿ ಮಾವ... ಅವಕ್ಕೇನೂ ಆಗಿಲ್ಲ. ಅವತ್ತೂ ಏನೂ ಆಗಿರ್ಲಿಲ್ಲ.