ನಮ್ಮ ಸೂರ್ಯನ ಥರಾನೇ

ಹಂಗಳದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಪಕ್ಕ ಕೂತಿದ್ದ ಇಬ್ಬರು ಹೆಂಗಸರ ಮಾತಿದು.

“ಕರಿಯಮ್ಮ, ನಿನ್ ಮಗ್ಳು ಫೋನಲ್ಲಿ ಯಾವನ್ನೋ ‘ನಮ್ ಸೂರ್ಯನ್ ಥರಾನೇ’ ಅಂತಿದ್ಲು. ಮದ್ವೆ ಗೊತ್ತಾಗಿರದು ನನ್ ಮಗ ಸೂರ್ಯನ್ ಜೊತೆ ತಾನೆ?”

“ಅಯ್ಯೋ ಅತ್ತಿಗೆ, ಬಿಎಸ್ಸಿ ಓದ್ತಾವ್ಳಲ್ಲ, ಅದ್ಯಾವ್ದೋ ನಕ್ಷತ್ರದ ಪಾಠ.”

“ಪಾಠವಂತೆ! ಸೂರ್ಯಂಗಿಂತ ವಯಸ್ಸು ಜಾಸ್ತಿ, ತೂಕ ಒಸಿ ಕಮ್ಮಿ, ಭಾಳ ದೂರ ಅಂದ್ಲು. ಕೇರಳದವ್ನೇ ಇರ್ಬೇಕು.”

“ಆಕಾಶದಲ್ಲಿರದು ಕಣತ್ತಿಗೆ.”

“ಮೈ ಬೆಂಕಿಯಂಗೆ ಸುಡ್ತದ ಅಂದ್ಲಲ್ಲ, ಮುಟ್ಟಿ ನೋಡಿದ್ಲಾ? ಹೆಸ್ರೇನು ಅವ್ನ್ದು?”

“ಹೆಸ್ರಿಲ್ಲ. ಬರೀ ನಂಬರ್ ಅದಂತೆ.”

ಗುಂಡ್ಲುಪೇಟೆ ಬಸ್ಸು ಬಂದು ನಿಂತಿತು.

“ಆ ನಂಬರ್ ಇಸ್ಕೊಡು. ಮದ್ವೆಗ್ ಮುಂಚೆ ಸೂರ್ಯನೇ ಒಂದ್ ಸಲ ಮಾತಾಡ್ಲಿ,” ಎಂದು ಅತ್ತಿಗೆ ಬಸ್ಸು ಹತ್ತಿದರು.