ಎದುರು ಬೇಕರಿಗೆ ಹೇಳಬೇಕಾದ ಮಾತು

ಬಸ್ಸಿಗೆ ಕಾಯುತ್ತಿದ್ದ ದರ್ಜಿಯ ಕಿವಿ, ಪಕ್ಕದಲ್ಲಿ ನಿಂತಿದ್ದ ಬೇಕರಿ ಕೆಲಸದ ಇಬ್ಬರು ಹೆಂಗಸರ ಮಾತಿನತ್ತ ವಾಲಿತು.

"ಅಕ್ಕಾ, ನಮ್ಮ ಬೇಕರಿ ಹೊಸ ಮೇಡಂ ಕರೆದು, ನಿನಗೇನು ಬೇಕಮ್ಮಾ ಅಂತ ಕೇಳಿದ್ರು."

"ನೀನೇನಂದೆ?"

"ಮಧ್ಯಾಹ್ನ ಮನೆಗೋಗಿ ಮಗೂಗೆ ಹಾಲು ಕುಡಿಸಿ ಬರ್ತೀನಿ ಅಂದೆ. ಹೂಂ ಅಂದೇಬಿಟ್ರು!"

"ನನ್ನ ಮಂಡಿ ನೋವಿಗೆ ಎತ್ತರದ ಸ್ಟೂಲ್ ತರಿಸಿದ್ರು ಕಣೆ. ನಮ್ಮ ಜೊತೆ ಕೆಲಸ ಮಾಡೋ ಮೌನಿ ಮಾಮನ್ನೂ ಕೇಳಿದ್ರಂತೆ."

"ಮಾತೇ ಆಡದೋರು ಏನು ಕೇಳಿದ್ರು?"

"ಕೇಕ್ ಮೇಲೆ ಹೂ ಬಿಡಿಸೋದು ಕಲಿಸಿ ಅಂದ್ರಂತೆ. ಕಲಿಯೋಕೆ ಶುರುಮಾಡಿದ ಮೇಲೆ ಅವರ ಬಾಯಿಗೆ ಬಿಡುವೇ ಇಲ್ಲ."

"ಮತ್ತೆ ನಾಳೆಯಿಂದ ಎದುರು ಬೇಕರಿಗೆ ಮೂವರೂ ಕೆಲಸಕ್ಕೆ ಬರ್ತೀವಿ ಅಂದಿದ್ವಲ್ಲಾ?"

"ಬರಲ್ಲ ಅಂತ ಈಗ್ಲೇ ಹೇಳಿ ಬರೋಣ, ನಡಿ."

ಬಸ್ಸು ಬಂತು. ಅವರು ಅತ್ತ ತಿರುಗಿಯೂ ನೋಡದೆ, ಕೈ ಹಿಡಿದು ನಗುತ್ತಾ ರಸ್ತೆ ದಾಟಿದರು.